ಎಲ್ಲಿಗೆ ಹಾಕಿದ್ರಿ ಮಗೂನ?

ಜೂನ್ ಮೊದಲ ವಾರ, ಬೆಳಿಗ್ಗೆ ಎಂಟು ಗಂಟೆ. ರಾತ್ರಿ ಬಿದ್ದ ಮಳೆಗೆ ಸಮೇತನಹಳ್ಳಿಯ ರಸ್ತೆಯಂಚು ಇನ್ನೂ ಹಸಿ. ಹಾಲು ಹಾಕಿ ಬಂದ ಬೈಕುಗಳು ಖಾಲಿ ಕ್ಯಾನು ಕುಣಿಸುತ್ತ ಮನೆ ಕಡೆ ಹೊರಟಿವೆ. ಅವುಗಳ ನಡುವೆಯೇ ಹಳದಿ ವ್ಯಾನುಗಳು ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಎಲ್ಲ ವ್ಯಾನಿನ ಬಾಗಿಲಲ್ಲೂ ಒಂದೇ ನೋಟ: ಬೆನ್ನಿಗಿಂತ ಅಗಲವಾದ ಬ್ಯಾಗು ಹೊತ್ತ ಪುಟ್ಟ ಮಗು, ಕೊರಳಿಗೆ ನೀರಿನ ಬಾಟಲಿ, ಸೆರಗು ಬಿಡಿಸಿಕೊಳ್ಳಲು ಮನಸ್ಸಿಲ್ಲದೆ ನಿಂತ ಅಮ್ಮ.

ಬೇಕರಿಯ ಮುಂದೆ ಟೀ ಲೋಟ ಹಿಡಿದವರ ಬಾಯಲ್ಲಿ ಈ ವಾರ ಒಂದೇ ಪ್ರಶ್ನೆ. "ಎಲ್ಲಿಗೆ ಹಾಕಿದ್ರಿ ಮಗೂನ?" ಉತ್ತರಗಳು ಬೇರೆ ಬೇರೆ. "ಕಾನ್ವೆಂಟ್‌ಗಾಕಿದೀವಿ." "ಸದ್ಯ ಅಂಗನವಾಡೀಗೆ ಹೋಗ್ತೈತೆ, ಬರೋ ವರ್ಷ ನೋಡ್ಬೇಕು." "ವೈಟ್‌ಫೀಲ್ಡ್ ಕಡೆ ಸೀಟ್ ಸಿಕ್ತು, ಸಾಲ ಮಾಡಿ ಸೇರಿಸ್ದೊ."

ಹೊಸಕೋಟೆ ತಾಲ್ಲೂಕು ಅನುಗೊಂಡನಹಳ್ಳಿ ಹೋಬಳಿಯ ಈ ಊರಿನ ಒಂದು ಕಡೆ ಹೊಸಕೋಟೆ ಪೇಟೆ, ಇನ್ನೊಂದು ಕಡೆ ಕಂಪನಿಗಳ ವೈಟ್‌ಫೀಲ್ಡ್. ರಾಗಿ ಹೊಲ ಮತ್ತು ಹೊಸ ಬಡಾವಣೆ ಒಂದೇ ಬೇಲಿ ಹಂಚಿಕೊಂಡಿರುವ ಸೀಮೆ. ಮೂರರಿಂದ ಆರು ವರ್ಷದ ಮಗುವಿನ ಮುಂದೆ ಇರಬಹುದಾದ ಎಲ್ಲ ದಾರಿಗಳೂ ಇಲ್ಲಿ ಒಂದು ಬೆಳಗಿನ ನಡಿಗೆಯೊಳಗೆ ಕಾಣುತ್ತವೆ. ನಾನು ಬಂದದ್ದೂ ಅದಕ್ಕೇ. ನನ್ನ ಮಗಳು ಯುಕೆಜಿಯಲ್ಲಿದ್ದಾಗ ನಾನೂ 'ಎಲ್ಲಿಗೆ' ಎಂಬ ಪ್ರಶ್ನೆಗೆ ಆರು ತಿಂಗಳು ಅಲೆದಿದ್ದೆ. ಸೀಟು ಸಿಕ್ಕ ಮೇಲೆ ಅಲ್ಲಿ ಅವಳ ದಿನ ಹೇಗೆ ಕಳೆಯುತ್ತದೆಂದು ಒಂದು ದಿನವೂ ವಿಚಾರಿಸಲಿಲ್ಲ. ರಾತ್ರಿ ಒಂಬತ್ತಕ್ಕೆ ನಿದ್ದೆಗಣ್ಣಿನ ಮಗುವನ್ನು ಕೂರಿಸಿಕೊಂಡು ನಾಲ್ಕು ಪುಟ ಬರೆಸುತ್ತಿದ್ದೆ. "ಕೈ ನೋಯುತ್ತೆ ಅಪ್ಪ" ಅಂದಾಗ ಸೋಮಾರಿತನ ಅಂದುಕೊಂಡೆ. ಆ ತಪ್ಪು ಇನ್ನೊಬ್ಬ ಅಪ್ಪನಿಂದ ಆಗದಿರಲಿ ಎಂಬುದೇ ಈ ಬರಹದ ಕಾರಣ.

ಅಂಗನವಾಡಿಯ ಚಾಪೆ

ಹೊಸ್ತಿಲಲ್ಲಿ ಚಪ್ಪಲಿಗಳು ಜೋಡಿ ತಪ್ಪಿ ಬಿದ್ದಿವೆ. ಒಳಗೆ ಚಾಪೆ, ಗೋಡೆಯ ತುಂಬ ಹಣ್ಣು, ತರಕಾರಿ, ಪ್ರಾಣಿಗಳ ಚಿತ್ರ. ಟೀಚರ ಒಪ್ಪಿಗೆ ಪಡೆದು ಮೂಲೆಯಲ್ಲಿ ಕೂತೆ. ಮಕ್ಕಳ ಮುಂದೆ ಹುಣಸೆ ಬೀಜದ ರಾಶಿ. ಒಬ್ಬ ಹುಡುಗ ಐದು ಬೀಜ ಎಣಿಸಿ ಬಟ್ಟಲಿಗೆ ಹಾಕಿದ, ಒಂದನ್ನು ತೆಗೆದ, ಉಳಿದದ್ದನ್ನು ಬೆರಳಿಟ್ಟು ಮತ್ತೆ ಎಣಿಸಿದ. ನೋಡುವವರಿಗೆ ಅದು ಆಟ. ಐದು ಎಂಬುದು ಬಾಯಿಪಾಠದ ಸದ್ದಲ್ಲ, ಕೈಗೆ ಸಿಗುವ ಮೊತ್ತ ಎಂದು ಅವನು ಆ ಹೊತ್ತಿನಲ್ಲಿ ಕಲಿಯುತ್ತಿದ್ದ. ನೂರರವರೆಗೆ ಗಡಗಡ ಹೇಳುವ ಮಗುವಿಗೆ "ಏಳು ಬೀಜ ಕೊಡು" ಅಂದರೆ ಕೆಲವೊಮ್ಮೆ ಕೊಡಲಾಗುವುದಿಲ್ಲ. ಮನೆಯಲ್ಲಿ ಪರೀಕ್ಷಿಸುವುದಾದರೆ ಹೀಗೆ ಪರೀಕ್ಷಿಸಿ.

ಅಂಗನವಾಡಿಯನ್ನು ಅನ್ನ ಹಾಕುವ ಜಾಗವೆಂದು ಮಾತ್ರ ತಿಳಿದವರು ಬಹಳ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಶುರುವಾದಾಗ ಕರ್ನಾಟಕದ ಪಾಲಿಗೆ ಬಂದದ್ದು ತಿ. ನರಸೀಪುರ. ಈಗ ರಾಜ್ಯದಲ್ಲಿ 65 ಸಾವಿರಕ್ಕೂ ಹೆಚ್ಚು ಕೇಂದ್ರಗಳಿವೆ. ಆಹಾರದ ಜೊತೆಗೆ ಶಾಲಾಪೂರ್ವ ಶಿಕ್ಷಣವೂ ಮೊದಲಿನಿಂದಲೂ ಆ ಯೋಜನೆಯ ಭಾಗ. ಕರ್ನಾಟಕದಲ್ಲಿ ಅದಕ್ಕೆ 'ಚಿಲಿಪಿಲಿ' ಎಂಬ ಚಟುವಟಿಕೆ ಕ್ರಮವೇ ಇದೆ. ಫೀಸಿಲ್ಲ, ಸಂದರ್ಶನವಿಲ್ಲ. ಬಡಾವಣೆಯ ಕಟ್ಟಡ ಕೆಲಸಕ್ಕೆ ದೂರದಿಂದ ಬಂದವರ ಮಗುವಿಗೂ ಬಾಗಿಲು ತೆರೆದಿದೆ. 2013ರ ಆಗಸ್ಟ್ 1ರಂದು ಶುರುವಾದ ಕ್ಷೀರಭಾಗ್ಯದ ಹಾಲು, ಮೊಟ್ಟೆ, ಬಿಸಿಯೂಟ ಇವೆಲ್ಲ ಕಲಿಕೆಯಿಂದ ಬೇರೆಯಲ್ಲ. ಹಸಿದ ಮಗುವಿನ ಗಮನ ಅದರ ಹೊಟ್ಟೆಯಲ್ಲೇ ಇರುತ್ತದೆ.

ಇನ್ನೊಂದು ಮೂಲೆಯಲ್ಲಿ ಒಬ್ಬ ಹುಡುಗಿ ಬಿಕ್ಕುತ್ತ ಕೂತಿದ್ದಳು. ಸೇರಿ ಮೂರನೇ ದಿನವಂತೆ. ಸಹಾಯಕಿ ಅವಳ ಪಕ್ಕ ಕೂತು ಸುಮ್ಮನೆ ಅವರೆಕಾಯಿಯಷ್ಟು ಜೇಡಿಮಣ್ಣಿನ ಉಂಡೆ ಕೈಗಿತ್ತರು. ಸಮಾಧಾನದ ಮಾತು ಹೇಳಲಿಲ್ಲ, ಗದರಲಿಲ್ಲ. ಹತ್ತು ನಿಮಿಷದಲ್ಲಿ ಅಳು ನಿಂತಿತು, ಉಂಡೆ ಹಾವಾಯಿತು. ಹೊಸ ಜಾಗದ ಅಳು ಬಹುಪಾಲು ಮಕ್ಕಳಲ್ಲಿ ಕೆಲವು ವಾರದಲ್ಲಿ ಇಳಿಯುತ್ತದೆ. ಅಪ್ಪ ಅಮ್ಮ ಮಾಡಬೇಕಾದದ್ದು ಎರಡೇ. ಕದ್ದು ಹೋಗಬಾರದು, ಹೇಳಿ ಹೋಗಬೇಕು. ಹೇಳಿದ ಹೊತ್ತಿಗೆ ಬರಬೇಕು. ಒಂದು ಸಲ ಕಣ್ಣು ತಪ್ಪಿಸಿ ಹೋದರೆ ಮರುದಿನದಿಂದ ಮಗು ಆಡುವ ಬದಲು ಬಾಗಿಲು ಕಾಯುತ್ತದೆ.

ದೊಡ್ಡ ಗೇಟಿನ ಮುಂದೆ

ಊರು ದಾಟಿ ಬಡಾವಣೆಗಳ ಕಡೆ ನಡೆದರೆ ಖಾಸಗಿ ಶಾಲೆಗಳ ಫಲಕಗಳು ಶುರುವಾಗುತ್ತವೆ. ಒಂದು ಗೇಟಿನ ಮುಂದೆ ನಿಂತ ತಾಯಿಯೊಬ್ಬರು ನನ್ನನ್ನು ಕೇಳಿದರು, "ಇಂಟರ್‌ವ್ಯೂನಲ್ಲಿ ಮಗು ಮಾತಾಡಲಿಲ್ಲ ಅಂದ್ರೆ ಸೀಟ್ ಕೊಡಲ್ವಾ?" ಅವರ ಕೈ ಬೆವತಿತ್ತು. ಪಕ್ಕದ ಮಗು ಅವರ ಮುಖವನ್ನೇ ನೋಡುತ್ತಿತ್ತು.

ಆ ತಾಯಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತೇನೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಕಲಂ ಪ್ರಕಾರ ಪ್ರವೇಶಕ್ಕಾಗಿ ಮಗುವನ್ನಾಗಲಿ, ಹೆತ್ತವರನ್ನಾಗಲಿ ಜರಡಿ ಹಿಡಿಯುವಂತಿಲ್ಲ. ಡೋನೇಷನ್ ವಸೂಲಿ ಮಾಡುವಂತಿಲ್ಲ. 17ನೇ ಕಲಂ ಪ್ರಕಾರ ಹೊಡೆಯುವುದೂ ಮಾನಸಿಕವಾಗಿ ಹಿಂಸಿಸುವುದೂ ನಿಷಿದ್ಧ. ಅಲ್ಲಿ ಪರಿಶೀಲನೆ ನಡೆಯಬೇಕಾದದ್ದು ಮಗುವಿನದಲ್ಲ, ಶಾಲೆಯದು. ಅದನ್ನು ಮಾಡಬೇಕಾದವರು ನೀವು.

ಏನು ಕೇಳಬೇಕು? ಮೊದಲು, ಶಾಲೆಗೆ ಇಲಾಖೆಯ ಅನುಮತಿ ಪತ್ರ ಇದೆಯೇ, ಯಾವ ತರಗತಿಯಿಂದ ಯಾವ ತರಗತಿಗೆ ಇದೆ. ತೋರಿಸಲು ಹಿಂಜರಿದರೆ ಹೊಸಕೋಟೆಯ ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ. ಆಮೇಲೆ, ಒಬ್ಬ ಮಿಸ್‌ಗೆ ಎಷ್ಟು ಮಕ್ಕಳು. ಎನ್‌ಸಿಇಆರ್‌ಟಿಯ 2019ರ ಶಾಲಾಪೂರ್ವ ಪಠ್ಯಕ್ರಮ ನಾಲ್ಕರಿಂದ ಆರು ವರ್ಷದವರಿಗೆ 25 ಮಕ್ಕಳಿಗೊಬ್ಬರು ಎನ್ನುತ್ತದೆ. ಶೌಚಾಲಯ ಮಗುವಿನ ಎತ್ತರಕ್ಕಿದೆಯೇ, ಕರೆದೊಯ್ಯುವವರು ಯಾರು. ಬಯಲು ಎಷ್ಟಿದೆ, ದಿನಕ್ಕೆ ಎಷ್ಟು ಹೊತ್ತು ಅಲ್ಲಿ ಬಿಡುತ್ತಾರೆ. ಮಗು ಚಡ್ಡಿ ಒದ್ದೆ ಮಾಡಿಕೊಂಡರೆ ಏನು ಮಾಡುತ್ತಾರೆ. ಈ ಕೊನೆಯ ಪ್ರಶ್ನೆಗೆ ಬರುವ ಉತ್ತರವನ್ನು ಗಮನವಿಟ್ಟು ಕೇಳಿ. ಶಾಲೆಯ ಮನಸ್ಸು ಅಲ್ಲಿ ಕಾಣುತ್ತದೆ.

ವ್ಯಾನಿನದು ಬೇರೆಯೇ ವಿಚಾರಣೆ. ಚಾಲಕನ ಜೊತೆ ಆಯಾ ಇರುತ್ತಾರೆಯೇ, ಕೊನೆಗೆ ಇಳಿಯುವ ಮಗು ಯಾರದು, ಅದು ಎಷ್ಟು ಹೊತ್ತು ಒಂಟಿಯಾಗಿ ಕೂತಿರುತ್ತದೆ? ಚಡ್ಡಿ ಮುಚ್ಚುವ ಜಾಗವನ್ನು ಯಾರೂ ಮುಟ್ಟಬಾರದು, ಮುಟ್ಟಿದರೆ ಕೂಗಬೇಕು, ಮನೆಗೆ ಬಂದು ಹೇಳಬೇಕು ಎಂದು ಈ ವಯಸ್ಸಿನಲ್ಲೇ ಕಲಿಸಬೇಕು. ಮಗು ಹೇಳಿದಾಗ ನಂಬಬೇಕು. ಮಕ್ಕಳ ಸಹಾಯವಾಣಿ 1098 ಪ್ರತಿ ಮನೆಯ ಫೋನಿನಲ್ಲೂ ಇರಲಿ.

ಎರಡು ನರ್ಸರಿ

ಗೇಟಿನಿಂದ ಸ್ವಲ್ಪ ದೂರದಲ್ಲಿ ಹಸಿರು ನೆರಳುಪರದೆಯ ಚಪ್ಪರ. ಅದರ ಫಲಕದಲ್ಲೂ 'ನರ್ಸರಿ' ಎಂದೇ ಇದೆ. ಈ ತಾಲ್ಲೂಕಿನ ರೈತರು ಟೊಮೊಟೊ, ಕೋಸು, ಮೆಣಸಿನಕಾಯಿ ಸಸಿಗಳನ್ನು ಇಂಥ ಕಡೆಯಿಂದ ತಟ್ಟೆಗಟ್ಟಲೆ ಒಯ್ಯುತ್ತಾರೆ. ಟೊಮೊಟೊ ಸಸಿಯನ್ನು ಎಷ್ಟು ದಿನಕ್ಕೆ ನೆಡಬೇಕು ಎಂದು ಅಲ್ಲಿದ್ದವರನ್ನು ಕೇಳಿದೆ. "ಇಪ್ಪತ್ತೈದು ದಿನ ಆಗ್ಬೇಕು ಸಾರ್. ಎಳೇದು ಒಯ್ದು ನೆಟ್ರೆ ಒಂದು ಬಿಸಿಲಿಗೇ ಬಾಡೋಗ್ತದೆ." ನೆಡುವ ಮುಂಚಿನ ವಾರ ನೀರು ಕಡಿಮೆ ಮಾಡಿ, ಸ್ವಲ್ಪ ಬಿಸಿಲು ತೋರಿಸಿ ಬಲಿಸುತ್ತಾರಂತೆ. ಅವರಿಗೆ ದಿನದ ಲೆಕ್ಕ ಪಕ್ಕಾ ಇದೆ.

ಮಗುವಿನ ಲೆಕ್ಕದಲ್ಲಿ ಮಾತ್ರ ನಾವು ಅವಸರ ಮಾಡುತ್ತೇವೆ. ಒಂದನೇ ತರಗತಿಗೆ ಸೇರಲು ಜೂನ್ 1ಕ್ಕೆ ಮಗುವಿಗೆ ಆರು ವರ್ಷ ತುಂಬಿರಬೇಕು ಎಂದು ಸರ್ಕಾರ 2022ರಲ್ಲಿ ಆದೇಶಿಸಿತು. ಅಷ್ಟರಲ್ಲಾಗಲೇ ಎಷ್ಟೋ ಮಕ್ಕಳು ಎಲ್‌ಕೆಜಿಯಲ್ಲಿದ್ದುದರಿಂದ ಜಾರಿಯನ್ನು 2025-26ಕ್ಕೆ ಮುಂದೂಡಿತು. 2025ರ ಏಪ್ರಿಲ್‌ನಲ್ಲಿ, ಯುಕೆಜಿ ಮುಗಿಸಿದವರಿಗೆ ಆ ಒಂದು ವರ್ಷದ ಮಟ್ಟಿಗೆ ಐದು ವರ್ಷ ಐದು ತಿಂಗಳು ಸಾಕು ಎಂದು ಸಡಿಲಿಸಿತು. ಆರು ವರ್ಷದಿಂದ ಹಿಂದಕ್ಕೆ ಎಣಿಸಿದರೆ ಯುಕೆಜಿಗೆ ಐದು, ಎಲ್‌ಕೆಜಿಗೆ ನಾಲ್ಕು. ಎರಡೂವರೆ ವರ್ಷಕ್ಕೇ ಸೇರಿಸಿಕೊಳ್ಳುವ ಶಾಲೆ ಮೂರು ವರ್ಷದ ನಂತರ ನಿಮ್ಮನ್ನು ಇಕ್ಕಟ್ಟಿಗೆ ಸಿಲುಕಿಸಬಹುದು. ಸೇರಿಸುವ ದಿನವೇ ಜನನ ಪ್ರಮಾಣಪತ್ರ ಹಿಡಿದು ಈ ಲೆಕ್ಕ ಹಾಕಿ. ಒಂದು ವರ್ಷ ತಡವಾಯಿತೆಂದು ಕೊರಗಬೇಡಿ. ಆ ಒಂದು ವರ್ಷ ಮಗುವಿಗೆ ಸಿಕ್ಕ ಬಾಲ್ಯ.

ಪೆನ್ಸಿಲ್ ಹಿಡಿಯುವ ಮುಂಚೆ

ಹತ್ತೂವರೆಗೆ ಕಿಟಕಿಯಿಂದ ಕಂಡ ಒಂದು ಕೋಣೆಯಲ್ಲಿ ಮಕ್ಕಳೆಲ್ಲ ತಲೆ ತಗ್ಗಿಸಿ ಬರೆಯುತ್ತಿದ್ದರು. ಪೆನ್ಸಿಲನ್ನು ಮುಷ್ಟಿಯಲ್ಲಿ ಅದುಮಿ ಹಿಡಿದ ಪುಟ್ಟ ಕೈಗಳನ್ನು ನೋಡಿ ನನ್ನ ಮಗಳು ನೆನಪಾದಳು.

ಅವಳ ನೋವಿಗೆ ಕಾರಣವಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ. ನಮ್ಮ ಮಣಿಕಟ್ಟಿನಲ್ಲಿ ಎಂಟು ಪುಟ್ಟ ಮೂಳೆಗಳಿವೆ. ಹುಟ್ಟುವಾಗ ಅವು ಮೂಳೆಯಲ್ಲ, ಮೆತ್ತನೆಯ ಮೃದ್ವಸ್ಥಿ. ಒಂದೊಂದಾಗಿ ಗಟ್ಟಿಯಾಗುತ್ತ ಬಂದು, ಕೊನೆಯದು ಮೂಳೆಯಾಗತೊಡಗುವಾಗ ಮಗುವಿಗೆ ಎಂಟೋ ಹತ್ತೋ ವರ್ಷ. ಬೆರಳಿನ ಸಣ್ಣ ಸ್ನಾಯುಗಳೂ ಹಾಗೇ ನಿಧಾನ. ಸಾಮಾನ್ಯವಾಗಿ ಮೂರು ವರ್ಷದ ಮಗು ನೋಡಿಕೊಂಡು ಸೊನ್ನೆ ಬರೆಯಬಲ್ಲದು, ನಾಲ್ಕಕ್ಕೆ ಕೂಡು ಗುರುತು, ಐದರ ಹೊತ್ತಿಗೆ ತ್ರಿಕೋನ. ಓರೆ ಗೆರೆ ಎಳೆಯಲು ಇನ್ನೂ ಬಾರದ ಕೈಗೆ ಕಾಪಿ ಪುಸ್ತಕ ತುಂಬಿಸಲು ಕೊಟ್ಟರೆ ಅದು ಅಕ್ಷರವನ್ನಲ್ಲ, ಅಕ್ಷರದ ಮೇಲಿನ ಬೇಸರವನ್ನು ಕಲಿಯುತ್ತದೆ.

ಬರೆಯುವ ಕೈಯನ್ನು ಸಿದ್ಧ ಮಾಡುವ ಕೆಲಸ ನಮ್ಮ ಅಡುಗೆಮನೆಯಲ್ಲೇ ಇದೆ. ಅವರೆಕಾಯಿ ಸುಲಿಯುವುದು, ಕಡಲೆಕಾಯಿ ಬಿಡಿಸುವುದು, ಚಪಾತಿ ಹಿಟ್ಟು ನಾದುವುದು, ಹೂ ಪೋಣಿಸುವುದು, ಅಜ್ಜಿಯ ಪಕ್ಕ ಕೂತು ರಂಗೋಲಿಯ ಚುಕ್ಕಿ ಇಡುವುದು. ಅಂಗಿಯ ಗುಂಡಿ ತಾನೇ ಹಾಕಿಕೊಳ್ಳಲು ಬೆಳಿಗ್ಗೆ ಐದು ನಿಮಿಷ ಹೆಚ್ಚು ಬಿಡಿ. ಹೆಬ್ಬೆರಳು, ತೋರುಬೆರಳು ಬಲಿಯುವುದು ಹೀಗೆ.

ಅಕ್ಷರದ ವಿಷಯದಲ್ಲಿ ತಂದೆತಾಯಿ ತಿಳಿದಿರಬೇಕಾದ ಇನ್ನೊಂದು ಮಾತಿದೆ. ಮನೆಯಲ್ಲಿ ನಾವು ಅ, ಆ, ಇ, ಈ ಎಂದು ಸಾಲಾಗಿ ತಿದ್ದಿಸುತ್ತೇವೆ. ನಮ್ಮ ಸರ್ಕಾರಿ ಶಾಲೆಯ ನಲಿ-ಕಲಿಯಲ್ಲಿ ಅಕ್ಷರ ಶುರುವಾಗುವುದು ರ, ಗ, ಸ, ದ, ಅ ಎಂದು. ಗುಂಡಗೆ, ಸುಲಭವಾಗಿ ತಿರುಗುವ ಆಕಾರಗಳು ಮೊದಲು. ಐದೇ ಅಕ್ಷರ ಕಲಿತ ಮಗು ಸರ, ದರ, ಅರಸ ಎಂದು ಪದ ಕಟ್ಟಿ ಓದಿಬಿಡುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಮೇಷ್ಟ್ರುಗಳು ಕೂಡಿ ಆರಂಭಿಸಿದ ಈ ಪದ್ಧತಿ 2009-10ರಲ್ಲಿ ರಾಜ್ಯದಾದ್ಯಂತ ಹರಡಿತು. ಹಾಗಾಗಿ ಯುಕೆಜಿ ಮುಗಿಯುವಷ್ಟರಲ್ಲಿ ಕಾಗುಣಿತ ಬರಲಿಲ್ಲವೆಂದು ಕಂಗಾಲಾಗಬೇಡಿ. ಅದನ್ನು ಕಲಿಸುವ ಜಾಗ ಒಂದನೇ ತರಗತಿ. ಅಲ್ಲಿಗೆ ಮಗು ಕಥೆ ಕೇಳುವ ಕಿವಿ, ಕೇಳಿದ್ದನ್ನು ತಿರುಗಿ ಹೇಳುವ ಬಾಯಿ, ಎರಡು ಕೆಲಸ ಹೇಳಿದರೆ ನೆನಪಿಟ್ಟು ಮಾಡುವ ಗಮನ ಒಯ್ದರೆ ಸಾಕು. ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿ ಪೂರ್ವ ಪ್ರಾಥಮಿಕದ ಮಕ್ಕಳಿಗೆ ಬ್ಯಾಗೇ ಬೇಡ ಎನ್ನುತ್ತದೆ. ಬೆಳಿಗ್ಗೆ ವ್ಯಾನು ಹತ್ತಿದ ಆ ಬೆನ್ನುಗಳನ್ನು ನೋಡಿದವರಿಗೆ ಇದು ಎಷ್ಟು ದೂರದ ಮಾತು ಎಂದು ತಿಳಿಯುತ್ತದೆ.

ಕಣ್ಣು, ಕಿವಿ, ಹಲ್ಲು

ಮಧ್ಯಾಹ್ನ ಊಟದ ಹೊತ್ತಿಗೆ ಮತ್ತೆ ಅಂಗನವಾಡಿಗೆ ಬಂದೆ. ಟೀಚರು ಒಂದು ಮಾತು ಹೇಳಿದರು. "ಮಗು ಮಾತು ಕೇಳಲ್ಲ ಅಂತ ಹೊಡೀತಾರೆ. ಎಷ್ಟೋ ಸಲ ಅದಕ್ಕೆ ನಿಜವಾಗ್ಲೂ ಕಿವಿ ಕೇಳ್ತಿರಲ್ಲ."

ಈ ಮಾತನ್ನು ಗೋಡೆಗೆ ಬರೆದಿಡಬೇಕು. ಪದೇ ಪದೇ ನೆಗಡಿಯಾಗುವ ಮಗುವಿನ ಕಿವಿಯೊಳಗೆ ನೀರು ತುಂಬಿ ಕೇಳಿಸುವುದು ಮಂದವಾಗಬಹುದು. ಒಂದು ಕಣ್ಣಿನ ದೃಷ್ಟಿ ಕಡಿಮೆಯಿದ್ದರೆ ಮಗುವಿಗೆ ಹಾಗೆಂದು ಹೇಳಲು ತಿಳಿಯುವುದಿಲ್ಲ. ಲೋಕ ಇರುವುದೇ ಹೀಗೆ ಅಂದುಕೊಂಡಿರುತ್ತದೆ. ಆ ಸೋಮಾರಿ ಕಣ್ಣನ್ನು ಏಳು ವರ್ಷದೊಳಗೆ ಗುರುತಿಸಿದರೆ ಸರಿಪಡಿಸುವ ಅವಕಾಶ ಹೆಚ್ಚು, ಆಮೇಲೆ ಕಷ್ಟ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗಳಿಗೆ ಒಂದು ಸಲ ಬರಬೇಕು. ಅವರು ಬರುವ ದಿನ ಮಗುವನ್ನು ತಪ್ಪಿಸಬೇಡಿ. ಖಾಸಗಿ ಶಾಲೆಯ ಮಗುವನ್ನು ಯುಕೆಜಿ ವರ್ಷದಲ್ಲಿ ನೀವೇ ಒಮ್ಮೆ ಕಣ್ಣು, ಕಿವಿ ತೋರಿಸಿಕೊಂಡು ಬನ್ನಿ.

ತಾಯಿ ಕಾರ್ಡನ್ನು ಬೀರುವಿನಿಂದ ಹೊರಗೆ ತೆಗೆಯುವ ವರ್ಷವೂ ಇದೇ. ಐದರಿಂದ ಆರು ವರ್ಷದ ನಡುವೆ ಡಿಪಿಟಿ ಎರಡನೇ ಬೂಸ್ಟರ್ ಹಾಕಿಸಬೇಕು. ಎಷ್ಟೋ ಮನೆಗಳಲ್ಲಿ ಇದು ಮರೆತೇ ಹೋಗಿರುತ್ತದೆ. ಫೆಬ್ರುವರಿ ಮತ್ತು ಆಗಸ್ಟ್ ತಿಂಗಳ ಜಂತುಹುಳು ಮಾತ್ರೆಯನ್ನೂ ಬಿಡಬೇಡಿ. ಇನ್ನು ನಿದ್ದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಮೂರು, ನಾಲ್ಕು ವರ್ಷದವರಿಗೆ ಹೇಳಿದ್ದು ದಿನಕ್ಕೆ 10ರಿಂದ 13 ಗಂಟೆ ನಿದ್ದೆ, ಮೂರು ಗಂಟೆ ಮೈ ಬಳಸುವ ಆಟ, ಮೊಬೈಲು-ಟಿವಿ ಒಂದು ಗಂಟೆಯ ಒಳಗೆ. ಏಳೂವರೆ ವ್ಯಾನಿಗೆ ಎದ್ದೇಳುವ ಮಗು ರಾತ್ರಿ ಧಾರಾವಾಹಿ ಮುಗಿಯುವವರೆಗೆ ಎದ್ದಿದ್ದರೆ ತರಗತಿಯಲ್ಲಿ ಅದು ರಂಪ ಮಾಡಿದ್ದಕ್ಕೆ ಮಿಸ್‌ನ ದೂರಿ ಫಲವಿಲ್ಲ.

ಮನೆ ಮಾತು

ಮಧ್ಯಾಹ್ನದ ಬಿಸಿಲಿಗೆ ಒಂದು ಜಗಲಿಯ ಮೇಲೆ ಕೂತೆ. ಅಜ್ಜಿ ಮೊಮ್ಮಗನಿಗೆ ತುತ್ತು ಕೊಡುತ್ತಿದ್ದರು. ಒಂದು ಮಾತು ಕನ್ನಡ, ಒಂದು ಮಾತು ತೆಲುಗು, ಈ ಸೀಮೆಯ ಮನೆಗಳಲ್ಲಿ ಇದು ಮಾಮೂಲು. ಒಳಗಿಂದ ಸೊಸೆ ಬಂದು, "ಅತ್ತೆ, ಇಂಗ್ಲಿಷಲ್ಲಿ ಮಾತಾಡ್ಸೋಕೆ ಹೇಳವ್ರೆ ಸ್ಕೂಲಲ್ಲಿ" ಅಂದರು. ಅಜ್ಜಿ ಸುಮ್ಮನಾದರು. ಮಗು ತುತ್ತು ನುಂಗುತ್ತ ಇಬ್ಬರನ್ನೂ ನೋಡಿತು.

ಆ ಮೌನ ನನಗೆ ಇಡೀ ದಿನದಲ್ಲಿ ತಡೆಯಲಾಗದೆ ಹೋದ ಗಳಿಗೆ. ಮಗುವಿಗೆ ಐದು ವರ್ಷದೊಳಗೆ ಸಿಗಬೇಕಾದದ್ದು ತುಂಬು ಮಾತು: ಕಥೆ, ಗಾದೆ, ಒಗಟು, ಜಗಳ, ಮುದ್ದು, ನೂರೆಂಟು 'ಯಾಕೆ'ಗಳಿಗೆ ಉತ್ತರ. ಅದನ್ನು ಧಾರಾಳವಾಗಿ ಕೊಡಬಲ್ಲವರು ಅಜ್ಜಿ. ತಮಗೇ ಬಾರದ ಭಾಷೆಯಲ್ಲಿ 'ಕಮ್', 'ಗೋ', 'ಈಟ್' ಎನ್ನುವ ಮನೆಯಲ್ಲಿ ಮಗುವಿಗೆ ಇಂಗ್ಲಿಷೂ ಸಿಗುವುದಿಲ್ಲ, ಮಾತೂ ಸಿಗುವುದಿಲ್ಲ. ಒಂದು ಭಾಷೆಯಲ್ಲಿ ಗಟ್ಟಿಯಾದ ಮಗು ಎರಡನೆಯದನ್ನು ಅದರ ಮೇಲೆ ಕಟ್ಟುತ್ತದೆ. ಮಾಧ್ಯಮದ ಆಯ್ಕೆ ತಂದೆತಾಯಿಯದು, ಸರ್ಕಾರ ಹೇರುವಂತಿಲ್ಲ ಎಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ಕೊಟ್ಟ ವರದಿಯಲ್ಲಿ ಕನಿಷ್ಠ ಐದನೇ ತರಗತಿವರೆಗೆ ಕನ್ನಡ ಅಥವಾ ಮಾತೃಭಾಷೆಯಲ್ಲಿ ಕಲಿಸಬೇಕೆಂದು ಶಿಫಾರಸು ಮಾಡಿತು. ನೀವು ಯಾವ ಮಾಧ್ಯಮ ಆರಿಸಿದರೂ ಆರಿಸಿ. ಮನೆಯ ಮಾಧ್ಯಮ ಮಾತ್ರ ಮನೆ ಮಾತೇ ಆಗಿರಲಿ. ಬೇರೆ ರಾಜ್ಯದಿಂದ ಬಂದು ಇಲ್ಲಿನ ಬಡಾವಣೆಯಲ್ಲಿ ನೆಲೆಸಿದವರಿಗೂ ಒಂದು ಮಾತು: ಕನ್ನಡ ಭಾಷಾ ಕಲಿಕೆ ಕಾಯ್ದೆ 2015ರ ಪ್ರಕಾರ ಮಗು ಯಾವ ಪಠ್ಯಕ್ರಮದ ಶಾಲೆಯಲ್ಲಿದ್ದರೂ ಕನ್ನಡವನ್ನು ಒಂದು ಭಾಷೆಯಾಗಿ ಕಲಿಯಬೇಕು. ಅದಕ್ಕೆ ಟ್ಯೂಷನ್‌ಗಿಂತ ಒಳ್ಳೆಯ ತಯಾರಿ ಈ ಊರಿನ ಮಕ್ಕಳ ಜೊತೆ ಸಂಜೆಯ ಆಟ.

ಹೊರಡುವ ಮುಂಚೆ ಆ ಅಜ್ಜಿಗೆ, "ನೀವು ಹೇಳೋ ಕಥೆ ನಿಲ್ಲಿಸಬೇಡಿ ಅಮ್ಮ" ಅಂದೆ. ಸೊಸೆಗೂ ಅದೇ ಮಾತು ಹೇಳಿದೆ, ಕೈ ಮುಗಿದು ಹೇಳಿದೆ.

ಸಂಜೆಯ ಪ್ರಶ್ನೆ

ಮೂರೂವರೆಗೆ ವ್ಯಾನುಗಳು ವಾಪಸು ಬಂದವು. ಬೆಳಗಿನ ಅದೇ ರಸ್ತೆಯಂಚು, ಈಗ ಮಣ್ಣು ಒಣಗಿದೆ. ಮಕ್ಕಳು ಇಳಿಯುತ್ತಿದ್ದಂತೆ ಮನೆಯವರ ಕೈ ನೇರ ಬ್ಯಾಗಿನ ಜಿಪ್ಪಿಗೆ ಹೋಗುತ್ತಿತ್ತು. ಡೈರಿ ಹೊರಬರುತ್ತಿತ್ತು. "ಏನ್ ಬರ್ಸಿದ್ರು ಇವತ್ತು?" "ಸ್ಟಾರ್ ಕೊಟ್ರಾ?" ಮಕ್ಕಳು ಉತ್ತರಿಸುತ್ತಿರಲಿಲ್ಲ.

ಕೊನೆಯ ವ್ಯಾನಿನಿಂದ ಇಳಿದ ಹುಡುಗಿಗಾಗಿ ಅವಳಪ್ಪ ಕಾದಿದ್ದರು. ಹೊಲದಿಂದ ನೇರ ಬಂದಿರಬೇಕು, ಕಾಲಿಗೆ ಕೆಮ್ಮಣ್ಣು. ಬ್ಯಾಗು ತಾವು ತೆಗೆದುಕೊಂಡು ಹೆಗಲಿಗೆ ಹಾಕಿಕೊಂಡರು. ತೆರೆಯಲಿಲ್ಲ. ಅವಳ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು, "ಯಾರ್ ಜೊತೆ ಆಡ್ದೆ ಇವತ್ತು?" ಎಂದು ಕೇಳಿದರು.

ಅವಳು ಹೇಳತೊಡಗಿದಳು. ಒಬ್ಬಳು ಗೆಳತಿ, ಒಂದು ಕೆಂಪು ಬಕೆಟ್ಟು, ಅದಕ್ಕಾಗಿ ಆದ ಜಗಳ, ಅದರೊಳಗೆ ಸಿಕ್ಕ ಎರೆಹುಳು, ಅದನ್ನು ಮಣ್ಣಿಗೆ ಬಿಟ್ಟದ್ದು, ಆಮೇಲೆ ಇಬ್ಬರೂ ಕೈ ತೊಳೆದದ್ದು. ಒಂದು ಘಟನೆಯಾದ ಮೇಲೆ ಇನ್ನೊಂದು, ಎಲ್ಲಿಯೂ ಎಳೆ ತಪ್ಪದೆ. ಯುಕೆಜಿಯ ಮಗುವಿಗೆ ಬರಬೇಕಾದದ್ದೆಲ್ಲ ಆ ಮಾತಿನಲ್ಲಿತ್ತು. ಅಪ್ಪ ಎಲ್ಲವನ್ನೂ ಕೇಳಿದರು, "ಆಮೇಲೆ?" ಎಂದರು. ಇಬ್ಬರೂ ಊರೊಳಗಿನ ದಾರಿ ಹಿಡಿದರು. ತಿರುವಿನವರೆಗೂ ಅವಳ ದನಿ ಕೇಳುತ್ತಿತ್ತು.

ಅವರ ಮಗು ಯಾವ ಶಾಲೆಗೆ ಹೋಗುತ್ತದೆಂದು ನಾನು ಕೇಳಲಿಲ್ಲ.